ಟ್ರಾನ್ಸ್‌ಪೈಲರ್ ಕೋಡ್ ಓದಿ ಕಲಿಯುವ ಸಮಗ್ರ ಮಾರ್ಗದರ್ಶಿ: ಔಟ್‌ಪುಟ್‌ನಿಂದ ಹಿಂದಕ್ಕೆ

ಟ್ರಾನ್ಸ್‌ಪೈಲರ್, ಎಂದರೆ ಒಂದು ಬಗೆಯ ಸೋರ್ಸ್ ಕೋಡನ್ನು ಇನ್ನೊಂದು ಬಗೆಯ ಸೋರ್ಸ್ ಕೋಡಾಗಿಸುವ ಸೋರ್ಸ್-ಟು-ಸೋರ್ಸ್ ಕಂಪೈಲರ್, ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅದರ ಕೋಡ್ ಓದಿಯೇ ಕಲಿಯಬೇಕೆಂದು ಹೊರಟವರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಸೋತು ನಿಲ್ಲುತ್ತಾರೆ. ರೆಪೊಸಿಟರಿ ಇಳಿಸಿಕೊಳ್ಳುತ್ತಾರೆ. ಕಂಪೈಲರ್‌ನ ಮೊದಲ ಕೆಲಸ ಪಠ್ಯವನ್ನು ಟೋಕನ್‌ಗಳೆಂಬ ಸಣ್ಣ ತುಣುಕುಗಳಾಗಿ ಒಡೆಯುವುದು ಎಂದು ಪಾಠದಲ್ಲಿ ಓದಿರುವುದರಿಂದ ಟೋಕನೈಸರ್ ಫೈಲನ್ನೇ ಮೊದಲು ತೆರೆಯುತ್ತಾರೆ. ಅಲ್ಲಿಂದ, ಆ ತುಣುಕುಗಳಿಂದ ಮರ ಕಟ್ಟುವ ಪಾರ್ಸರ್‌ಗೆ ಹೋಗಿ ಸಾವಿರಾರು ಸಾಲುಗಳ ನಡುವೆ ದಾರಿ ತಪ್ಪುತ್ತಾರೆ. ಒಂದು ಬಗೆಯ ಕೋಡ್ ಇನ್ನೊಂದು ಬಗೆಯ ಕೋಡಾಗುವ ಜಾಗವನ್ನು ಅವರು ತಲುಪುವುದೇ ಇಲ್ಲ.

ಇದಕ್ಕೆ ಕಾರಣ ಓದುವ ಕ್ರಮ. ಕಂಪೈಲರ್ ಓಡುವುದು ಇನ್‌ಪುಟ್‌ನಿಂದ ಔಟ್‌ಪುಟ್ ಕಡೆಗೆ. ಓದುವವರು ಹೋಗಬೇಕಾದದ್ದು ಔಟ್‌ಪುಟ್‌ನಿಂದ ಹಿಂದಕ್ಕೆ. ಒಂದೇ ಒಂದು ಸಾಲಿನ ಇನ್‌ಪುಟ್ ಹಿಡಿದು, ಅದರ ಔಟ್‌ಪುಟ್‌ನಲ್ಲಿ ಕಾಣುವ ಪ್ರತಿ ಅಕ್ಷರವನ್ನೂ ಯಾರು ಬರೆದರು ಎಂದು ಕೇಳುತ್ತಾ ಹೋಗಬೇಕು. ಕೆಳಗಿನ ಹಂತಗಳೆಲ್ಲ ಈ ಪ್ರಶ್ನೆಯನ್ನೇ ಹಿಂಬಾಲಿಸುತ್ತವೆ. ಕ್ರಮವನ್ನು ಬದಲಿಸಬೇಡಿ.

## ಏನೇನು ಬೇಕು

ಕಂಪೈಲರ್ ಒಳಗೆ ತೆಗೆದುಕೊಳ್ಳುವ ಭಾಷೆ ಮತ್ತು ಹೊರಗೆ ಕೊಡುವ ಭಾಷೆ, ಎರಡೂ ನಿಮಗೆ ಚೆನ್ನಾಗಿ ತಿಳಿದಿರಬೇಕು. ಹೊರಗೆ ಬಂದ ಕೋಡ್ ಸರಿಯೋ ತಪ್ಪೋ ಎಂದು ನೋಡಿದ ಕೂಡಲೇ ಹೇಳಲಾಗದಿದ್ದರೆ ಓದು ಮುಂದೆ ಸಾಗುವುದಿಲ್ಲ. ಹೊಸ ಜಾವಾಸ್ಕ್ರಿಪ್ಟನ್ನು ಹಳೆಯ ಜಾವಾಸ್ಕ್ರಿಪ್ಟಾಗಿಸುವ ಕಂಪೈಲರ್‌ಗಳು ಕಲಿಕೆಗೆ ಒಗ್ಗುವುದು ಇದೇ ಕಾರಣಕ್ಕೆ: ಎರಡೂ ಬದಿಯಲ್ಲಿ ಒಂದೇ ಭಾಷೆ, ವ್ಯತ್ಯಾಸ ಕೆಲವೇ ಚಿಹ್ನೆಗಳದ್ದು.

ಕಂಪೈಲರ್ ಸಿದ್ಧಾಂತದ ಪುಸ್ತಕ ಮುಗಿಸಿರಬೇಕಿಲ್ಲ. ಮರದ ಆಕಾರದ ದತ್ತಾಂಶವನ್ನು ರಿಕರ್ಷನ್ ಬಳಸಿ ಸುತ್ತಿಬರುವ ಒಂದು ಸಣ್ಣ ಫಂಕ್ಷನ್ನನ್ನು ಎಲ್ಲೂ ನೋಡದೆ ಬರೆಯಬಲ್ಲಿರಾದರೆ ಸಾಕು. ಅದು ಆಗದಿದ್ದರೆ ಇಲ್ಲೇ ನಿಂತು ಅದನ್ನು ರೂಢಿ ಮಾಡಿಕೊಳ್ಳಿ; ಮುಂದೆ ಪ್ರತಿ ಫೈಲಿನಲ್ಲೂ ಅದೇ ಬರುತ್ತದೆ.

ಸಲಕರಣೆಗಳೆಂದರೆ ಗಿಟ್, ನೋಡ್ ಜೆಎಸ್, ಫಂಕ್ಷನ್ ಹೆಸರಿನ ಮೇಲೆ ಒತ್ತಿದರೆ ಅದು ಬರೆದಿರುವ ಜಾಗಕ್ಕೆ ಕರೆದೊಯ್ಯುವ ಎಡಿಟರ್, ಬ್ರೇಕ್‌ಪಾಯಿಂಟ್ ಇಡಬಲ್ಲ ಡಿಬಗರ್, ಬ್ರೌಸರ್‌ನಲ್ಲಿ ಎಎಸ್‌ಟಿಯನ್ನು, ಎಂದರೆ ಪಾರ್ಸರ್ ಕೋಡಿನಿಂದ ಕಟ್ಟುವ ಮರವನ್ನು, ತೋರಿಸುವ ಎಎಸ್‌ಟಿ ಎಕ್ಸ್‌ಪ್ಲೋರರ್. ಇವುಗಳ ಜೊತೆಗೆ ಒಂದು ನೋಟ್‌ಬುಕ್. ಅದರಲ್ಲಿ ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ ಸಿಕ್ಕ ಫೈಲು ಮತ್ತು ಫಂಕ್ಷನ್. ಪ್ರಶ್ನೆ ಬರೆಯದೆ ಯಾವ ಫೈಲನ್ನೂ ತೆರೆಯಬೇಡಿ.

ಹೆಸರುಗಳ ಬಗ್ಗೆ ಒಂದು ಮಾತು. ಕೋಡಿನಲ್ಲಿರುವ ಹೆಸರುಗಳನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ. ಹುಡುಕುವಾಗ ಇಂಗ್ಲಿಷ್ ಅಕ್ಷರಗಳಲ್ಲಿ, ಫಂಕ್ಷನ್ ಹೆಸರಾದರೆ ಪದಗಳನ್ನು ಕೂಡಿಸಿ ಟೈಪ್ ಮಾಡಿ. ಉದಾಹರಣೆಗಳಲ್ಲಿರುವ ಕನ್ನಡದ ವೇರಿಯಬಲ್ ಹೆಸರುಗಳನ್ನು ಮಾತ್ರ ಬದಲಿಸಬೇಕಿಲ್ಲ. ಜಾವಾಸ್ಕ್ರಿಪ್ಟ್ ಕನ್ನಡ ಅಕ್ಷರಗಳ ಹೆಸರನ್ನು ಒಪ್ಪುತ್ತದೆ, ಹಾಗೆಯೇ ಅಂಟಿಸಿ ಓಡಿಸಬಹುದು.

## ಹಂತ 1: ಕಂಪೈಲರ್ ಆರಿಸಿಕೊಳ್ಳಿ

ಮೊದಲ ಓದಿಗೆ, ಹೊಸ ಜಾವಾಸ್ಕ್ರಿಪ್ಟನ್ನು ಹಳೆಯದಾಗಿಸುವ ಬೇಬಲ್ ತೆಗೆದುಕೊಳ್ಳಿ. ಅದರ ರೆಪೊಸಿಟರಿ ದೊಡ್ಡದು, ಆದರೆ ಪ್ರತಿ ಭಾಷಾ ಲಕ್ಷಣಕ್ಕೂ ಬೇರೆ ಬೇರೆ ಪ್ಲಗಿನ್ ಇದೆ, ಎಷ್ಟೋ ಪ್ಲಗಿನ್‌ಗಳು ನೂರು ಸಾಲಿಗಿಂತ ಚಿಕ್ಕವು. ಒಂದು ಪರಿವರ್ತನೆಯನ್ನು ಬೇರೆಯವುಗಳಿಂದ ಬಿಡಿಸಿಕೊಂಡು ಓದುವ ಸೌಲಭ್ಯ ಬೇರೆ ಕಡೆ ಇಷ್ಟು ಸುಲಭವಾಗಿ ಸಿಗುವುದಿಲ್ಲ.

ಟೈಪ್‌ಸ್ಕ್ರಿಪ್ಟ್ ಕಂಪೈಲರ್ ಎರಡನೆಯ ಓದಿಗಿರಲಿ. ಅದರ ಟೈಪ್ ಪರಿಶೀಲಿಸುವ ಚೆಕರ್ ಫೈಲ್ ಒಂದೇ 50,000 ಸಾಲು ದಾಟುತ್ತದೆ; ಭಾಷಾಂತರದ ಕೆಲಸಕ್ಕೆ ಅದನ್ನು ಓದುವ ಅಗತ್ಯವಿಲ್ಲವೆಂದು ತಿಳಿಯದವರು ಅಲ್ಲೇ ಮುಳುಗುತ್ತಾರೆ. ಸುಕ್ರೇಸ್ ಮತ್ತು ಇಎಸ್‌ಬಿಲ್ಡ್ ಎರಡೂ ವೇಗಕ್ಕಾಗಿ ಕಟ್ಟಿದವು. ಸುಕ್ರೇಸ್ ಪೂರ್ಣ ಎಎಸ್‌ಟಿ ಕಟ್ಟದೆ ಟೋಕನ್‌ಗಳ ಮೇಲೆಯೇ ಕೆಲಸ ಮಾಡುತ್ತದೆ, ಇಎಸ್‌ಬಿಲ್ಡ್ ಹಲವು ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಬೆಸೆಯುತ್ತದೆ. ಸಾಮಾನ್ಯ ವಿನ್ಯಾಸ ಗೊತ್ತಿರುವವರಿಗೆ ಅವು ಬಹಳ ಕಲಿಸುತ್ತವೆ, ಹೊಸಬರಿಗೆ ಗೊಂದಲ ಮಾತ್ರ.

ಯಾವುದನ್ನೇ ಆರಿಸಿದರೂ ಬಿಡುಗಡೆಯಾದ ಒಂದು ಆವೃತ್ತಿಯ ಟ್ಯಾಗನ್ನು ಚೆಕ್‌ಔಟ್ ಮಾಡಿಕೊಂಡು ಅದನ್ನೇ ಹಿಡಿದಿರಿ. ಇಲ್ಲಿ ಹೇಳಿರುವುದು ಬೇಬಲ್ 7ರ ಕೊನೆಯ ಆವೃತ್ತಿಗಳಿಗೆ ಹೊಂದುತ್ತದೆ. ಮುಖ್ಯ ಶಾಖೆಯನ್ನು ಎಳೆದುಕೊಳ್ಳುತ್ತಾ ಓದಿದರೆ ನೋಟ್‌ಬುಕ್ಕಿನಲ್ಲಿ ಬರೆದ ಜಾಗಗಳು ವಾರದೊಳಗೆ ಹಳತಾಗುತ್ತವೆ.

## ಹಂತ 2: ನಿಮ್ಮ ಬದಲಾವಣೆ ಕಾಣುವವರೆಗೆ ಓದಲು ಕೂರಬೇಡಿ

ಬೇಬಲ್‌ನಲ್ಲಿ ಪ್ರತಿ ಪ್ಯಾಕೇಜಿನ ಮೂಲ ಕೋಡ್ ಸೋರ್ಸ್ ಫೋಲ್ಡರ್‌ನಲ್ಲಿರುತ್ತದೆ, ಓಡುವುದು ಮಾತ್ರ ಅದರಿಂದ ತಯಾರಾದ ಲಿಬ್ ಫೋಲ್ಡರ್‌ನ ಕೋಡ್. ನೀವು ಸೋರ್ಸ್‌ನಲ್ಲಿ ಒಂದು ಸಾಲು ತಿದ್ದಿ, ಮತ್ತೆ ಬಿಲ್ಡ್ ಮಾಡದೆ ಓಡಿಸಿದರೆ ಏನೂ ಬದಲಾಗುವುದಿಲ್ಲ. ಆಗ ಕೋಡನ್ನು ತಪ್ಪಾಗಿ ಅರ್ಥ ಮಾಡಿಕೊಂಡೆ ಎಂದು ಭಾವಿಸಿ, ಸರಿಯಾಗಿದ್ದ ತಿಳಿವಳಿಕೆಯನ್ನೇ ಕೈಬಿಡುತ್ತೀರಿ. ಓದು ನಿಂತುಹೋಗುವ ಎರಡನೆಯ ದೊಡ್ಡ ಜಾಗ ಇದು.

ಆದ್ದರಿಂದ ಮೇಕ್ ಬೂಟ್‌ಸ್ಟ್ರಾಪ್ ಆದೇಶದಿಂದ ಎಲ್ಲವನ್ನೂ ಸಿದ್ಧ ಮಾಡಿಕೊಳ್ಳಿ, ಇನ್ನೊಂದು ಟರ್ಮಿನಲ್‌ನಲ್ಲಿ ಮೇಕ್ ವಾಚ್ ಓಡುತ್ತಿರಲಿ. ಬಳಿಕ ಓದಬೇಕೆಂದಿರುವ ಪ್ಲಗಿನ್‌ನ ಸೋರ್ಸ್‌ನಲ್ಲಿ ಬೇಕೆಂದೇ ಒಂದು ದೋಷ ಎಸೆಯುವ ಸಾಲು ಹಾಕಿ, ಪರೀಕ್ಷೆಯನ್ನು ಓಡಿಸಿ. ಪರೀಕ್ಷೆ ನಿಮ್ಮ ದೋಷದ ಸಂದೇಶದೊಂದಿಗೇ ಬೀಳಬೇಕು. ಬೀಳಲಿಲ್ಲವೆಂದರೆ ನಿಮ್ಮ ಕೋಡ್ ಓಡುತ್ತಿಲ್ಲ; ಅದು ಸರಿಯಾಗುವವರೆಗೆ ಮೂರನೆಯ ಹಂತಕ್ಕೆ ಹೋಗಬೇಡಿ.

## ಹಂತ 3: ಒಂದು ಸಾಲು ಹಿಡಿದು ಔಟ್‌ಪುಟ್ ಊಹಿಸಿ

ನಮ್ಮ ಸಾಲು ಇದು:

`ಪಡೆ().ಹೆಸರು ||= 5`

ಅರ್ಥ: ಪಡೆ() ಕೊಟ್ಟ ವಸ್ತುವಿನ ಹೆಸರು ಎಂಬ ಗುಣದಲ್ಲಿ ಸತ್ಯವೆನಿಸುವ ಬೆಲೆ ಇದ್ದರೆ ಹಾಗೇ ಬಿಡು, ಇಲ್ಲದಿದ್ದರೆ 5 ಇಡು. `||=` ಚಿಹ್ನೆ ಗೊತ್ತಿಲ್ಲದ ಹಳೆಯ ಜಾವಾಸ್ಕ್ರಿಪ್ಟಿಗೆ ಇದನ್ನು ಹೇಗೆ ಬರೆಯುತ್ತೀರಿ? ಕಂಪೈಲರ್ ಓಡಿಸುವ ಮೊದಲು ಉತ್ತರವನ್ನು ಕಾಗದದ ಮೇಲೆ ಬರೆಯಿರಿ.

ಹೆಚ್ಚಿನವರು ಮೊದಲು ಬರೆಯುವುದು `ಪಡೆ().ಹೆಸರು = ಪಡೆ().ಹೆಸರು || 5`. ಇದರಲ್ಲಿ ಎರಡು ತಪ್ಪುಗಳಿವೆ. ಪಡೆ() ಎರಡು ಸಲ ಕರೆಯಲ್ಪಡುತ್ತದೆ. ಅದು ಪ್ರತಿ ಸಲ ಹೊಸ ವಸ್ತು ಕೊಡುವ ಫಂಕ್ಷನ್ ಆಗಿದ್ದರೆ ಫಲಿತಾಂಶವೇ ಬೇರೆ. ಎರಡನೆಯದು ಸೂಕ್ಷ್ಮ: ಬೆಲೆ ಮೊದಲೇ ಇದ್ದಾಗಲೂ ಇಲ್ಲಿ ಅದನ್ನೇ ಮತ್ತೆ ಬರೆಯಲಾಗುತ್ತದೆ. ಆ ಗುಣಕ್ಕೆ ಸೆಟ್ಟರ್ ಇದ್ದರೆ ಅದು ಸುಮ್ಮಸುಮ್ಮನೆ ಓಡುತ್ತದೆ. ಮೂಲ ಸಾಲಿನ ಅರ್ಥದಲ್ಲಿ ಬೇಕಾದಾಗ ಮಾತ್ರ ಬರೆಯುವ ನಿಯಮವಿದೆ.

ಬೇಬಲ್ ಕೊಡುವುದು ಇದು, ಜೊತೆಗೆ ಮೇಲೆ `_ಪಡೆ` ಎಂಬ ವೇರಿಯಬಲ್‌ನ ಘೋಷಣೆ:

`(_ಪಡೆ = ಪಡೆ()).ಹೆಸರು || (_ಪಡೆ.ಹೆಸರು = 5)`

ಈಗ ನೋಟ್‌ಬುಕ್ಕಿನ ಎಡಬದಿ ತುಂಬುತ್ತದೆ. `_ಪಡೆ` ಎಂಬ ಹೆಸರನ್ನು ಇಟ್ಟವರು ಯಾರು? ಅದರ ಘೋಷಣೆ ಮೇಲಕ್ಕೆ ಹೋದದ್ದು ಹೇಗೆ? ಮೊದಲ ಆವರಣ ಚಿಹ್ನೆ ಎಲ್ಲಿಂದ ಬಂತು, ಎರಡನೆಯದು ಎಲ್ಲಿಂದ? ಇಷ್ಟು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಕಂಪೈಲರ್‌ನ ಮುಖ್ಯ ಭಾಗಗಳೆಲ್ಲವನ್ನೂ ಹೊಕ್ಕು ಬಂದಂತೆ.

ಔಟ್‌ಪುಟ್ ತೆಗೆಯುವಾಗ `||=` ಚಿಹ್ನೆಯನ್ನು ಪರಿವರ್ತಿಸುವ ಲಾಜಿಕಲ್ ಅಸೈನ್‌ಮೆಂಟ್ ಆಪರೇಟರ್ಸ್ ಎಂಬ ಒಂದು ಪ್ಲಗಿನ್ ಮಾತ್ರ ಚಾಲೂ ಇರಲಿ. ಹಲವು ಪ್ಲಗಿನ್‌ಗಳ ಕಟ್ಟಾದ (ಪ್ರಿಸೆಟ್) ಪ್ರಿಸೆಟ್-ಎನ್ವ್ ಹಾಕಿಕೊಂಡರೆ ಹತ್ತಾರು ಪರಿವರ್ತನೆಗಳು ಒಟ್ಟಿಗೆ ನಡೆದು ಯಾವ ಅಕ್ಷರ ಯಾರದ್ದೆಂದು ಬಿಡಿಸಲಾಗುವುದಿಲ್ಲ.

## ಹಂತ 4: ಕೋಡಿಗಿಂತ ಮೊದಲು ಪರೀಕ್ಷೆಗಳನ್ನು ಓದಿ

ಲಾಜಿಕಲ್ ಅಸೈನ್‌ಮೆಂಟ್ ಆಪರೇಟರ್ಸ್ ಪ್ಲಗಿನ್‌ನ ಪರೀಕ್ಷಾ ಫೋಲ್ಡರ್ ತೆರೆದು ಫಿಕ್ಸ್ಚರ್ಸ್ ಒಳಗೆ ಹೋಗಿ. ಅಲ್ಲಿನ ಸಣ್ಣ ಫೋಲ್ಡರ್‌ಗಳಲ್ಲಿ ಇನ್‌ಪುಟ್ ಮತ್ತು ಔಟ್‌ಪುಟ್ ಎಂಬ ಫೈಲುಗಳಿರುತ್ತವೆ. ಕೆಲವು ಕಡೆ ಎಕ್ಸೆಕ್ ಎಂಬ ಫೈಲ್ ಇರುತ್ತದೆ. ಅದನ್ನು ಪರಿವರ್ತಿಸಿ ನಿಜವಾಗಿ ಓಡಿಸಿ, ಅರ್ಥ ಉಳಿದಿದೆಯೇ ಎಂದು ನೋಡುತ್ತಾರೆ.

ಕಂಪೈಲರ್‌ಗಳ ವಿಷಯದಲ್ಲಿ ಪರೀಕ್ಷೆಗಳಷ್ಟು ಒಳ್ಳೆಯ ದಾಖಲೆ ಬೇರೆ ಇಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ. ವಿವರಣೆ ಹಳತಾಗಬಹುದು, ಟಿಪ್ಪಣಿ ತಪ್ಪಿರಬಹುದು, ಈ ಜೋಡಿಗಳು ಮಾತ್ರ ಪ್ರತಿ ಬದಲಾವಣೆಗೂ ಓಡಿ ನೋಡಲ್ಪಟ್ಟಿರುತ್ತವೆ. ಪ್ರತಿ ಇನ್‌ಪುಟ್ ಓದಿ, ಔಟ್‌ಪುಟ್ ಮುಚ್ಚಿಟ್ಟು ಊಹಿಸಿ, ಆಮೇಲೆ ಹೋಲಿಸಿ. ಊಹೆ ತಪ್ಪಿದ ಕಡೆಯಲ್ಲೆಲ್ಲ ಒಂದು ಪ್ರಶ್ನೆ ಹುಟ್ಟುತ್ತದೆ. ವಿಚಿತ್ರವೆನಿಸುವ ಇನ್‌ಪುಟ್ ಕಂಡರೆ ಆ ಸಾಲು ಯಾವ ಕಮಿಟ್‌ನಲ್ಲಿ ಬಂತೆಂದು ತೋರಿಸುವ ಗಿಟ್ ಬ್ಲೇಮ್ ಹಾಕಿ ನೋಡಿ. ಬಹುತೇಕ ಅದರ ಹಿಂದೆ ಯಾರೋ ವರದಿ ಮಾಡಿದ ಒಂದು ದೋಷ ಇರುತ್ತದೆ.

ನಿಮ್ಮದೇ ಸಾಲನ್ನು ಹೊಸ ಫೋಲ್ಡರ್‌ನಲ್ಲಿ ಇನ್‌ಪುಟ್ ಆಗಿ ಇಟ್ಟು, ಔಟ್‌ಪುಟ್ ಫೈಲ್ ಇಡದೆ ಪರೀಕ್ಷೆ ಓಡಿಸಿದರೆ ಬೇಬಲ್ ಔಟ್‌ಪುಟನ್ನು ತಾನೇ ಬರೆದುಕೊಡುತ್ತದೆ. ಪ್ರಯೋಗಕ್ಕೆ ಇದು ಬಹಳ ಅನುಕೂಲ.

## ಹಂತ 5: ಮರವನ್ನು ಕೈಯಲ್ಲಿ ಬರೆಯಿರಿ

ಎಎಸ್‌ಟಿ ಎಕ್ಸ್‌ಪ್ಲೋರರ್‌ನಲ್ಲಿ ಬೇಬಲ್ ಪಾರ್ಸರ್ ಆರಿಸಿ ನಮ್ಮ ಸಾಲನ್ನು ಅಂಟಿಸಿ. ನಮ್ಮ ಎಕ್ಸ್‌ಪ್ರೆಶನ್‌ನ ಮೇಲ್ತುದಿಯಲ್ಲಿ ಅಸೈನ್‌ಮೆಂಟ್ ಎಕ್ಸ್‌ಪ್ರೆಶನ್, ಅದರ ಆಪರೇಟರ್ `||=`. ಎಡ ಮಗು ಮೆಂಬರ್ ಎಕ್ಸ್‌ಪ್ರೆಶನ್, ಅದರೊಳಗೆ ಕಾಲ್ ಎಕ್ಸ್‌ಪ್ರೆಶನ್. ಬಲ ಮಗು 5. ಇದನ್ನು ಕಾಗದದ ಮೇಲೆ ಬಿಡಿಸಿ, ಪಕ್ಕದಲ್ಲಿ ಔಟ್‌ಪುಟ್ ಸಾಲಿನ ಮರವನ್ನೂ ಬಿಡಿಸಿ. ಎರಡು ಮರಗಳ ನಡುವಿನ ವ್ಯತ್ಯಾಸವೇ ಪ್ಲಗಿನ್ ಮಾಡಿದ ಕೆಲಸ.

ಇಲ್ಲಿ ಒಂದು ವಿಷಯ ಗಮನಿಸಿ: ಔಟ್‌ಪುಟ್‌ನಲ್ಲಿ ಎರಡು ಜೋಡಿ ಆವರಣ ಚಿಹ್ನೆಗಳಿವೆ, ಮರದಲ್ಲಿ ಅವಕ್ಕೆ ನೋಡ್ ಇಲ್ಲ. ಬೇಬಲ್ ಸಾಮಾನ್ಯವಾಗಿ ಆವರಣಕ್ಕೆ ಪ್ರತ್ಯೇಕ ನೋಡ್ ಮಾಡುವುದಿಲ್ಲ, ಎಕ್ಸ್‌ಟ್ರಾ ಎಂಬ ಜಾಗದಲ್ಲಿ ಗುರುತು ಹಾಕಿಕೊಂಡು ಬಿಡುತ್ತದೆ. ಈ ಪ್ರಶ್ನೆ ಏಳನೆಯ ಹಂತದವರೆಗೆ ತೆರೆದೇ ಇರಲಿ.

## ಹಂತ 6: ಪರಿವರ್ತನೆಯ ಕೋಡನ್ನು ಸಾಲು ಸಾಲಾಗಿ ಓದಿ

ಈಗ ಪ್ಲಗಿನ್‌ನ ಇಂಡೆಕ್ಸ್ ಫೈಲ್ ತೆರೆಯಿರಿ. ಇಡೀ ಓದಿನಲ್ಲಿ ಹೆಚ್ಚು ಸಮಯ ಕಳೆಯಬೇಕಾದದ್ದು ಇಲ್ಲಿ.

ಪ್ಲಗಿನ್ ಕೊಡುವುದು ಒಂದು ವಿಸಿಟರ್: ಯಾವ ಬಗೆಯ ನೋಡ್ ಸಿಕ್ಕಾಗ ಯಾವ ಫಂಕ್ಷನ್ ಕರೆಯಬೇಕು ಎಂಬ ಪಟ್ಟಿ. ಇಲ್ಲಿ ಪಟ್ಟಿಯಲ್ಲಿರುವುದು ಅಸೈನ್‌ಮೆಂಟ್ ಎಕ್ಸ್‌ಪ್ರೆಶನ್ ಒಂದೇ. ಫಂಕ್ಷನ್‌ಗೆ ಸಿಗುವುದು ಬರಿಯ ನೋಡ್ ಅಲ್ಲ, ಪಾತ್. ನೋಡ್‌ಗೆ ತನ್ನ ಮಕ್ಕಳು ಮಾತ್ರ ಗೊತ್ತು. ಪಾತ್‌ಗೆ ತಾಯಿ ನೋಡ್ ಯಾವುದು, ತಾನು ಯಾವ ಸ್ಕೋಪ್‌ನಲ್ಲಿದ್ದೇನೆ ಎಂಬುದೂ ಗೊತ್ತು. ಈ ವ್ಯತ್ಯಾಸ ಮನಸ್ಸಿನಲ್ಲಿ ಕೂರದಿದ್ದರೆ ಮುಂದಿನ ಪ್ರತಿ ಪ್ಲಗಿನ್ ಕಗ್ಗಂಟಾಗುತ್ತದೆ.

ಕೋಡ್ ಮಾಡುವುದು ಇಷ್ಟು. ಆಪರೇಟರ್‌ನ ಕೊನೆಯ ಅಕ್ಷರವನ್ನು ಕತ್ತರಿಸುತ್ತದೆ; `||=` ಇದ್ದದ್ದು `||` ಆಗುತ್ತದೆ. ಉಳಿದದ್ದು ಲಾಜಿಕಲ್ ಆಪರೇಟರ್ ಅಲ್ಲದಿದ್ದರೆ, ಎಂದರೆ ಸಾಮಾನ್ಯ `=` ಅಥವಾ `+=` ಆಗಿದ್ದರೆ, ಏನೂ ಮಾಡದೆ ಹಿಂದಿರುಗುತ್ತದೆ. ಆಮೇಲೆ ಎಡಬದಿಯ ನೋಡನ್ನು ಕ್ಲೋನ್ ನೋಡ್ ಮೂಲಕ ನಕಲು ಮಾಡುತ್ತದೆ. ಎಡಬದಿ ಮೆಂಬರ್ ಎಕ್ಸ್‌ಪ್ರೆಶನ್ ಆಗಿದ್ದರೆ, ಚುಕ್ಕಿಯ ಹಿಂದಿರುವ ವಸ್ತುವನ್ನು ಹಿಡಿದಿಡಲು ತಾತ್ಕಾಲಿಕ ಹೆಸರು ಬೇಕೇ ಎಂದು ಸ್ಕೋಪನ್ನು ಕೇಳುತ್ತದೆ. ಬೇಕೆಂದರೆ ನಕಲಿನಲ್ಲಿ `_ಪಡೆ = ಪಡೆ()` ಎಂಬ ಅಸೈನ್‌ಮೆಂಟನ್ನೂ ಮೂಲದಲ್ಲಿ ಬರಿಯ `_ಪಡೆ` ಎಂಬ ಹೆಸರನ್ನೂ ಇಡುತ್ತದೆ. ಚೌಕಾವರಣದಲ್ಲಿ ಗುಣದ ಹೆಸರು ಲೆಕ್ಕಹಾಕುವಂತಿದ್ದರೆ ಅದಕ್ಕೂ ಹೀಗೇ. ಕೊನೆಗೆ ಎರಡನ್ನೂ ಸೇರಿಸಿ ಹೊಸ ಲಾಜಿಕಲ್ ಎಕ್ಸ್‌ಪ್ರೆಶನ್ ಕಟ್ಟಿ, ಹಳೆಯ ನೋಡ್ ಇದ್ದ ಜಾಗದಲ್ಲಿ ಇಡುತ್ತದೆ.

ಓದಿ ತಲೆಯಾಡಿಸಿದರೆ ಸಾಲದು. ಪ್ರತಿ ಸಾಲಿಗೂ ಇದು ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳಿ, ಉತ್ತರ ಬರೆದು, ಆಮೇಲೆ ಆ ಸಾಲನ್ನು ನಿಜವಾಗಿ ಅಳಿಸಿ ನೋಡಿ. ಕ್ಲೋನ್ ನೋಡ್ ತೆಗೆದು, ಎಡಬದಿಯ ನೋಡನ್ನೇ ಎರಡೂ ಕಡೆ ಬಳಸುವಂತೆ ಮಾಡಿ. ಔಟ್‌ಪುಟ್ ಹೀಗಾಗುತ್ತದೆ:

`(_ಪಡೆ = ಪಡೆ()).ಹೆಸರು || ((_ಪಡೆ = ಪಡೆ()).ಹೆಸರು = 5)`

ಎರಡೂ ಹೆಸರುಗಳು ಒಂದೇ ವಸ್ತುವನ್ನು ತೋರಿಸುತ್ತಿರುವುದರಿಂದ, ನಕಲಿಗೆಂದು ಮಾಡಿದ ಕೊನೆಯ ಬದಲಾವಣೆ ಮೂಲಕ್ಕೂ ತಟ್ಟಿತು. ಯಾವ ದೋಷ ಸಂದೇಶವೂ ಬರಲಿಲ್ಲ, ಕೋಡ್ ಓಡುತ್ತದೆ, ಪಡೆ() ಮಾತ್ರ ಎರಡು ಸಲ ಕರೆಯಲ್ಪಡುತ್ತದೆ. ಟ್ರಾನ್ಸ್‌ಪೈಲರ್ ದೋಷಗಳಲ್ಲಿ ಅತ್ಯಂತ ಅಪಾಯಕಾರಿಯಾದವು ಈ ಬಗೆಯವು. ಒಂದೇ ನೋಡನ್ನು ಮರದ ಎರಡು ಕಡೆ ಇಡಬಾರದು ಎಂಬ ನಿಯಮವನ್ನು ಎಷ್ಟು ಸಲ ಓದಿದರೂ, ಹೀಗೆ ಒಮ್ಮೆ ಕಣ್ಣಾರೆ ನೋಡಿದಷ್ಟು ನೆನಪಿನಲ್ಲಿ ಉಳಿಯುವುದಿಲ್ಲ.

ಮುಂದೆ, ತಾತ್ಕಾಲಿಕ ಹೆಸರು ಬೇಕೇ ಎಂಬ ತೀರ್ಮಾನ. ಅದನ್ನು ಮಾಡುವುದು, ಮರವನ್ನು ಸುತ್ತಿಬರುವ ಟ್ರಾವರ್ಸ್ ಪ್ಯಾಕೇಜಿನ ಸ್ಕೋಪ್‌ನಲ್ಲಿರುವ ಮೇಬಿ ಜನರೇಟ್ ಮೆಮೊಯಿಸ್ಡ್ ಎಂಬ ಫಂಕ್ಷನ್. ಅದರೊಳಗೆ ಹೋದರೆ ಈಸ್ ಸ್ಟ್ಯಾಟಿಕ್ ಎಂಬ ಇನ್ನೊಂದು ಸಣ್ಣ ಫಂಕ್ಷನ್ ಸಿಗುತ್ತದೆ. ದಿಸ್ ಮತ್ತು ಸೂಪರ್ ಆಗಿದ್ದರೆ ತಾತ್ಕಾಲಿಕ ಹೆಸರು ಬೇಡ. ಘೋಷಣೆಯಾದ ಮೇಲೆ ಎಲ್ಲೂ ಬದಲಾಗದ ವೇರಿಯಬಲ್ ಆಗಿದ್ದರೂ ಬೇಡ. ಫಂಕ್ಷನ್ ಕರೆಯಂಥ ಇನ್ನುಳಿದ ಎಕ್ಸ್‌ಪ್ರೆಶನ್‌ಗಳಿಗೆ ಬೇಕು.

ಇಲ್ಲಿ ಓದುಗರನ್ನು ಪದೇ ಪದೇ ತಬ್ಬಿಬ್ಬಾಗಿಸುವ ಒಂದು ಸಂಗತಿ ಇದೆ. `ವಸ್ತು.ಹೆಸರು ||= 5` ಎಂಬ ಒಂದೇ ಸಾಲನ್ನು ಕೊಟ್ಟು ನೋಡಿ. ವಸ್ತು ಸಾದಾ ವೇರಿಯಬಲ್, ತಾತ್ಕಾಲಿಕ ಹೆಸರು ಬೇಕಿಲ್ಲ ಎಂದುಕೊಳ್ಳುತ್ತೀರಿ, ಆದರೂ `_ವಸ್ತು` ಬರುತ್ತದೆ. ನಿಮ್ಮ ಸಾಲಿನಲ್ಲಿ ವಸ್ತುವಿನ ಘೋಷಣೆಯೇ ಇಲ್ಲದಿರುವುದು ಇದಕ್ಕೆ ಕಾರಣ. ಘೋಷಣೆ ಕಾಣದ ಹೆಸರು ಗ್ಲೋಬಲ್ ಆಗಿರಬಹುದು, ಗ್ಲೋಬಲ್ ಹೆಸರಿನ ಹಿಂದೆ ಗೆಟ್ಟರ್ ಇರಬಹುದು, ಎರಡು ಸಲ ಓದಿದರೆ ಎರಡು ಬೆಲೆ ಬರಬಹುದು. ಅದಕ್ಕೇ ಬೇಬಲ್ ಎಚ್ಚರ ವಹಿಸುತ್ತದೆ. ಮೇಲೆ ಕಾನ್ಸ್ಟ್ ಬಳಸಿ ವಸ್ತುವನ್ನು ಘೋಷಿಸಿ ಮತ್ತೆ ಓಡಿಸಿ, ತಾತ್ಕಾಲಿಕ ಹೆಸರು ಮಾಯವಾಗುತ್ತದೆ. ಘೋಷಣೆಯನ್ನು ಲೆಟ್ ಮಾಡಿ, ಕೆಳಗೆಲ್ಲೋ ಅದಕ್ಕೆ ಬೇರೆ ಬೆಲೆ ಕೊಡಿ, ಮತ್ತೆ ಬರುತ್ತದೆ.

ಹೆಸರು ಹುಟ್ಟುವ ಬಗೆಯನ್ನೂ ಇಲ್ಲೇ ನೋಡಿಬಿಡಿ. ನಿಮ್ಮ ಕೋಡಿನಲ್ಲಿ ಮೊದಲೇ `_ಪಡೆ` ಎಂಬ ವೇರಿಯಬಲ್ ಇದ್ದರೆ ಬೇಬಲ್ `_ಪಡೆ2` ಎಂದು ಇಡುತ್ತದೆ. ನೋಟ್‌ಬುಕ್ಕಿನ ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಸ್ಕೋಪ್.

## ಹಂತ 7: ಆವರಣ ಚಿಹ್ನೆ ಹಾಕಿದ್ದು ಪ್ರಿಂಟರ್

ಪ್ಲಗಿನ್ ಕೋಡಿನಲ್ಲಿ ಎಲ್ಲೂ ಆವರಣ ಚಿಹ್ನೆಯ ಮಾತಿಲ್ಲ. ಮರದಲ್ಲೂ ಇಲ್ಲ. ಹಾಗಾದರೆ ಔಟ್‌ಪುಟ್‌ಗೆ ಬಂದದ್ದು ಪ್ರಿಂಟರ್‌ನಿಂದ, ಎಂದರೆ ಮರವನ್ನು ಮತ್ತೆ ಪಠ್ಯವಾಗಿಸುವ ಜನರೇಟರ್ ಪ್ಯಾಕೇಜಿನಿಂದ. ಅದರಲ್ಲಿ ಪ್ರತಿ ಬಗೆಯ ನೋಡ್‌ಗೂ ಅದನ್ನು ಪಠ್ಯವಾಗಿ ಬರೆಯುವ ಒಂದೊಂದು ಸಣ್ಣ ಫಂಕ್ಷನ್ ಇದೆ; ಪಕ್ಕದಲ್ಲಿ ಪ್ಯಾರೆಂಥೆಸೀಸ್ ಎಂಬ ಫೈಲ್ ಇದೆ. ಒಂದು ನೋಡನ್ನು ಬರೆಯುವ ಮುನ್ನ ಅದರ ತಾಯಿ ನೋಡ್ ಯಾವುದೆಂದು ನೋಡಿ, ಆವರಣವಿಲ್ಲದಿದ್ದರೆ ಅರ್ಥ ಕೆಡುವುದಾದರೆ ಸೇರಿಸುತ್ತದೆ.

ಈ ಫೈಲನ್ನು ಪೂರ್ತಿ ಓದಿ, ಶ್ರಮಕ್ಕೆ ತಕ್ಕ ಫಲ ಇದೆ. ಭಾಷೆಯ ಮೂಲೆಮೂಲೆಯ ನಿಯಮಗಳೆಲ್ಲ ಇಲ್ಲಿ ಸಿಗುತ್ತವೆ. `??` ಮತ್ತು `||` ಆವರಣವಿಲ್ಲದೆ ಬೆರೆತರೆ ಜಾವಾಸ್ಕ್ರಿಪ್ಟಿನಲ್ಲಿ ವಾಕ್ಯರಚನೆಯ ದೋಷ. `-ಅ ** ಬ` ಕೂಡ ದೋಷ, `(-ಅ) ** ಬ` ಸರಿ. ಮರದಲ್ಲಿ ಇವು ನಿರಾಯಾಸವಾಗಿ ಕೂರುತ್ತವೆ, ಪಠ್ಯಕ್ಕೆ ಬರುವಾಗ ಮಾತ್ರ ಸಮಸ್ಯೆ.

ಟಿಪ್ಪಣಿಗಳು ಎಲ್ಲಿ ಹೋಗುತ್ತವೆ ಎಂಬುದನ್ನೂ ಇಲ್ಲಿ ಪರೀಕ್ಷಿಸಿ. ಬೇಬಲ್ ಟಿಪ್ಪಣಿಗಳನ್ನು ಹತ್ತಿರದ ನೋಡ್‌ಗೆ ಅಂಟಿಸಿಡುತ್ತದೆ. ಪರಿವರ್ತನೆಯಲ್ಲಿ ಆ ನೋಡನ್ನು ಬಿಸಾಡಿದರೆ ಟಿಪ್ಪಣಿಯೂ ಹೋಗುವ ಅಪಾಯವಿದೆ. ಎಲ್ಲ ಕಂಪೈಲರ್‌ಗಳೂ ಮರದಿಂದ ಪಠ್ಯವನ್ನು ಹೊಸದಾಗಿ ಬರೆಯುವುದಿಲ್ಲ. ರೀಕಾಸ್ಟ್ ಬದಲಾದ ಭಾಗವನ್ನು ಮಾತ್ರ ಮತ್ತೆ ಬರೆದು ಉಳಿದದ್ದನ್ನು ಇದ್ದಂತೆ ಬಿಡುತ್ತದೆ. ಬುಬ್ಲೆ ಮೂಲ ಪಠ್ಯದ ತುಣುಕುಗಳನ್ನೇ ಕತ್ತರಿಸಿ ತೇಪೆ ಹಾಕುತ್ತದೆ. ಔಟ್‌ಪುಟ್‌ನ ಜಾಗಗಳನ್ನು ಮೂಲದ ಜಾಗಗಳಿಗೆ ಹೊಂದಿಸುವ ಸೋರ್ಸ್ ಮ್ಯಾಪ್ ಕೋಡನ್ನು ಈ ಸುತ್ತಿನಲ್ಲಿ ಬಿಟ್ಟುಬಿಡಿ.

## ಹಂತ 8: ಯಾರ ನಂತರ ಯಾರು

ಈಗ `ಅ ??= 5` ಕೊಟ್ಟು, `??` ಚಿಹ್ನೆಯನ್ನು ಹಳೆಯ ಜಾವಾಸ್ಕ್ರಿಪ್ಟಿಗೆ ಇಳಿಸುವ ಪ್ಲಗಿನ್ ಕೂಡ ಸೇರಿಸಿ. ಮೊದಲ ಪ್ಲಗಿನ್ `ಅ ?? (ಅ = 5)` ಎಂದು ಮಾಡುತ್ತದೆ. ಅದರಲ್ಲಿ ಹೊಸದಾಗಿ ಹುಟ್ಟಿದ `??` ಮೂಲ ಇನ್‌ಪುಟ್‌ನಲ್ಲಿ ಇರಲೇ ಇಲ್ಲ. ಎರಡನೆಯ ಪ್ಲಗಿನ್‌ಗೆ ಅದು ಸಿಕ್ಕಿದ್ದು ಹೇಗೆ?

ಬೇಬಲ್ ಎಲ್ಲ ಪ್ಲಗಿನ್‌ಗಳ ವಿಸಿಟರ್‌ಗಳನ್ನು ಕೂಡಿಸಿ ಮರವನ್ನು ಒಟ್ಟಿಗೆ ಸುತ್ತುತ್ತದೆ. ಒಂದು ನೋಡ್ ಬದಲಾದಾಗ ಹೊಸ ನೋಡನ್ನು ಮತ್ತೆ ಸರದಿಗೆ ಸೇರಿಸುತ್ತದೆ. ಆದ್ದರಿಂದ ಹೊಸ `??` ಮತ್ತೊಮ್ಮೆ ಭೇಟಿಗೆ ಬರುತ್ತದೆ. ಇದರಲ್ಲೇ ಒಂದು ಬಲೆಯೂ ಇದೆ: ನೀವು ಬರೆದ ಪ್ಲಗಿನ್ ಒಂದು ನೋಡನ್ನು ಅದೇ ಬಗೆಯ, ಅದೇ ಷರತ್ತಿಗೆ ಹೊಂದುವ ನೋಡ್‌ನಿಂದ ಬದಲಿಸಿದರೆ ಸುತ್ತು ಮುಗಿಯುವುದೇ ಇಲ್ಲ. ಪರೀಕ್ಷೆ ಓಡಿಸಿದಾಗ ಕಂಪ್ಯೂಟರ್ ಫ್ಯಾನ್ ಜೋರಾಗಿ, ಉತ್ತರ ಬಾರದಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಸಂರಚನೆಯಲ್ಲಿ ಬರೆದ ಪ್ಲಗಿನ್‌ಗಳು ಮೊದಲಿನಿಂದ ಕೊನೆಗೆ, ಪ್ರಿಸೆಟ್‌ಗಳು ಕೊನೆಯಿಂದ ಮೊದಲಿಗೆ ಅನ್ವಯವಾಗುತ್ತವೆ, ಪ್ಲಗಿನ್‌ಗಳು ಪ್ರಿಸೆಟ್‌ಗಳಿಗಿಂತ ಮುಂಚೆ. ಔಟ್‌ಪುಟ್ ನಿರೀಕ್ಷೆಯಂತೆ ಬಾರದಿದ್ದಾಗ ಈ ಕ್ರಮವನ್ನು ಒಮ್ಮೆ ನೋಡಿ.

## ಹಂತ 9: ಪಾರ್ಸರ್, ಅದೂ ಒಂದು ದಾರಿಯಲ್ಲಿ ಮಾತ್ರ

ಪಾರ್ಸರನ್ನು ಈಗ ತೆರೆಯಬಹುದು, ಏಕೆಂದರೆ ಅದು ಕಟ್ಟಬೇಕಾದ ಮರ ಯಾವುದೆಂದು ನಿಮಗೆ ಗೊತ್ತಿದೆ. ಫೈಲನ್ನು ಮೇಲಿನಿಂದ ಕೆಳಕ್ಕೆ ಓದಬೇಡಿ. ಅಸೈನ್‌ಮೆಂಟ್ ಎಕ್ಸ್‌ಪ್ರೆಶನ್ ನೋಡ್ ತಯಾರಾಗುವ ಸಾಲಿನಲ್ಲಿ ಬ್ರೇಕ್‌ಪಾಯಿಂಟ್ ಇಡಿ, ನಮ್ಮ ಸಾಲನ್ನು ಕೊಡಿ, ನಿಂತಾಗ ಕಾಲ್ ಸ್ಟ್ಯಾಕ್ ನೋಡಿ. ಸ್ಟ್ಯಾಕ್‌ನಲ್ಲಿರುವ ಫಂಕ್ಷನ್‌ಗಳನ್ನು ಮಾತ್ರ ಓದಿ. ಪ್ರೋಗ್ರಾಂನಿಂದ ಹೇಳಿಕೆಗೆ, ಹೇಳಿಕೆಯಿಂದ ಎಕ್ಸ್‌ಪ್ರೆಶನ್‌ಗೆ ಒಂದೊಂದು ಮೆಟ್ಟಿಲು ಇಳಿಯುವುದು ಕಾಣುತ್ತದೆ.

ಎರಡು ಜಾಗಗಳಲ್ಲಿ ಮಾತ್ರ ನಿಲ್ಲಿ. ಒಂದು, ಆಪರೇಟರ್‌ಗಳ ಆದ್ಯತೆಯನ್ನು ಒಂದು ಸಂಖ್ಯೆಯಾಗಿ ಕೈಯಿಂದ ಕೈಗೆ ದಾಟಿಸುವ ಪಾರ್ಸ್ ಎಕ್ಸ್‌ಪ್ರ್ ಆಪ್ ಫಂಕ್ಷನ್. ಇನ್ನೊಂದು, `(ಅ, ಬ) => ಅ + ಬ` ಸಾಲಿನ ಕಥೆ. `(ಅ, ಬ)` ಓದುವಾಗ ಅದು ಆವರಣದೊಳಗಿನ ಎಕ್ಸ್‌ಪ್ರೆಶನ್ನೋ ಫಂಕ್ಷನ್‌ನ ಪ್ಯಾರಾಮೀಟರ್‌ಗಳೋ ಪಾರ್ಸರ್‌ಗೆ ತಿಳಿಯದು. ಬೇಬಲ್ ಮೊದಲು ಎಕ್ಸ್‌ಪ್ರೆಶನ್ ಎಂದು ಓದಿಕೊಂಡು, ಮುಂದೆ `=>` ಕಂಡರೆ ಓದಿದ್ದನ್ನೇ ಪ್ಯಾರಾಮೀಟರ್‌ಗಳಾಗಿ ಮಾರ್ಪಡಿಸುತ್ತದೆ. ಟೈಪ್‌ಸ್ಕ್ರಿಪ್ಟ್ ಪಾರ್ಸರ್ ಹಾಗಲ್ಲ, ಮುಂದಿನ ಟೋಕನ್‌ಗಳನ್ನು ಇಣುಕಿ ನೋಡಿ ಹೌದು, ಅಲ್ಲ, ಇರಬಹುದು ಎಂದು ಮೊದಲೇ ತೀರ್ಮಾನಿಸುತ್ತದೆ.

## ಹಂತ 10: ತಿಳಿದಿದೆಯೇ ಎಂದು ಪರೀಕ್ಷಿಸಿ

ಪ್ಲಗಿನ್ ಫೈಲನ್ನು ಮುಚ್ಚಿ, ಅದನ್ನು ನೋಡದೆ ಖಾಲಿ ಫೈಲಿನಿಂದ ಬರೆಯಿರಿ. ಫಿಕ್ಸ್ಚರ್‌ಗಳೆಲ್ಲ ಹಸಿರಾಗಬೇಕು. ನೋಡದೆ ಬರೆಯಲಾಗದಿದ್ದರೆ ಆರನೆಯ ಹಂತವನ್ನು ಕಣ್ಣಿನಲ್ಲಷ್ಟೇ ಓದಿದ್ದೀರಿ ಎಂದರ್ಥ, ಹಿಂದಕ್ಕೆ ಹೋಗಿ.

ಆಮೇಲೆ ಈಗಾಗಲೇ ಮುಚ್ಚಿದ ಒಂದು ಸಣ್ಣ ದೋಷವರದಿ ಹುಡುಕಿ. ಅದನ್ನು ಸರಿಪಡಿಸಿದ ಕಮಿಟ್‌ನ ಹಿಂದಿನ ಕಮಿಟ್‌ಗೆ ಹೋಗಿ, ಪರಿಹಾರ ನೋಡದೆ ನೀವೇ ಸರಿಪಡಿಸಿ, ನಂತರ ಹೋಲಿಸಿ. ಔಟ್‌ಪುಟ್ ಪಠ್ಯ ಹೊಂದಿದರೆ ಸಾಲದು. ಇನ್‌ಪುಟ್ ಮತ್ತು ಔಟ್‌ಪುಟ್ ಎರಡನ್ನೂ ಓಡಿಸಿ ಒಂದೇ ಫಲಿತಾಂಶ ಬರುತ್ತದೆಯೇ ಎಂದು ನೋಡಿ.

## ಹಂತ 11: ಅದೇ ಸಾಲನ್ನು ಇನ್ನೊಂದು ಕಂಪೈಲರ್‌ನಲ್ಲಿ ಹಿಂಬಾಲಿಸಿ

ಈಗ ಟೈಪ್‌ಸ್ಕ್ರಿಪ್ಟ್ ತೆರೆಯಿರಿ. ಕಂಪೈಲರನ್ನು ಗೋ ಭಾಷೆಯಲ್ಲಿ ಮತ್ತೆ ಬರೆಯುವ ಕೆಲಸ 2025ರಲ್ಲಿ ಪ್ರಕಟವಾಗಿದೆ; ಓದಿಗೆ ಟೈಪ್‌ಸ್ಕ್ರಿಪ್ಟ್‌ನಲ್ಲೇ ಬರೆದಿರುವ 5ನೇ ಸರಣಿಯ ಆವೃತ್ತಿ ತೆಗೆದುಕೊಳ್ಳಿ. ಕಂಪೈಲರ್ ಫೋಲ್ಡರ್ ಒಳಗಿನ ಟ್ರಾನ್ಸ್‌ಫಾರ್ಮರ್ಸ್‌ನಲ್ಲಿ ಇಎಸ್2021 ಎಂಬ ಫೈಲ್ ಇದೆ. ನೇರ ಅಲ್ಲಿಗೆ ಹೋಗಿ.

ಹೋಲಿಕೆ ಬಹಳ ಕಲಿಸುತ್ತದೆ. ಎರಡನೆಯ ಆವರಣ ಚಿಹ್ನೆಯನ್ನು ಇಲ್ಲಿ ಪರಿವರ್ತನೆಯ ಕೋಡೇ ಸ್ಪಷ್ಟವಾಗಿ ನೋಡ್ ಆಗಿ ಕಟ್ಟುತ್ತದೆ, ಏಕೆಂದರೆ ಟೈಪ್‌ಸ್ಕ್ರಿಪ್ಟ್ ಮರದಲ್ಲಿ ಆವರಣಕ್ಕೂ ನೋಡ್ ಇದೆ. ತಾತ್ಕಾಲಿಕ ಹೆಸರಿನ ತೀರ್ಮಾನವೂ ಬೇರೆ: ಚುಕ್ಕಿಯ ಹಿಂದೆ ಬರಿಯ ಹೆಸರಿದ್ದರೆ ಅದು ಘೋಷಣೆಯಾಗಿದೆಯೇ ಎಂದು ನೋಡದೆ ಹಾಗೇ ಎರಡು ಸಲ ಬರೆಯುತ್ತದೆ. `ವಸ್ತು.ಹೆಸರು ||= 5` ಇಲ್ಲಿ `ವಸ್ತು.ಹೆಸರು || (ವಸ್ತು.ಹೆಸರು = 5)` ಆಗುತ್ತದೆ. ಬೇಬಲ್ ಗೆಟ್ಟರ್ ಇರಬಹುದೆಂದು ಅಂಜುತ್ತದೆ, ಟೈಪ್‌ಸ್ಕ್ರಿಪ್ಟ್ ಓದಲು ಸುಲಭವಾದ ಔಟ್‌ಪುಟ್ ಕೊಡುತ್ತದೆ. ನನಗೆ ಬೇಬಲ್‌ನ ಎಚ್ಚರವೇ ಹೆಚ್ಚು ಸರಿಯೆನಿಸುತ್ತದೆ. ಅರ್ಥವನ್ನು ಉಳಿಸುವುದು ಕಂಪೈಲರ್‌ನ ಮೊದಲ ಹೊಣೆ. ನೀವು ಎರಡೂ ಕೋಡ್ ನೋಡಿ ನಿರ್ಧರಿಸಿ. ಮರುಭೇಟಿಯ ಸರದಿಯೂ ಇಲ್ಲಿಲ್ಲ: ಪರಿವರ್ತನೆಗಳು ಹೊಸ ಆವೃತ್ತಿಯಿಂದ ಹಳೆಯದಕ್ಕೆ ಸಾಲಾಗಿ ನಡೆಯುತ್ತವೆ, ಇಎಸ್2021 ಬಿಟ್ಟ `??` ಅನ್ನು ಮುಂದಿನ ಇಎಸ್2020 ಎತ್ತಿಕೊಳ್ಳುತ್ತದೆ.

ಇನ್ನೂ ದೂರದ ಹೋಲಿಕೆ ಬೇಕಾದರೆ ಕಾಫಿಸ್ಕ್ರಿಪ್ಟ್‌ನ ನೋಡ್ಸ್ ಫೈಲ್ ನೋಡಿ. ಅಲ್ಲಿ ಗುರಿ ಭಾಷೆಗೆ ಬೇರೆ ಮರವೇ ಇಲ್ಲ, ಪ್ರತಿ ನೋಡ್ ತನ್ನನ್ನು ತಾನೇ ಜಾವಾಸ್ಕ್ರಿಪ್ಟ್ ತುಣುಕುಗಳಾಗಿ ಬರೆದುಕೊಳ್ಳುತ್ತದೆ.

## ಮುಂದೆ ಯಾವ ಕ್ರಮದಲ್ಲಿ ಓದಬೇಕು

ಇದೇ ಹಂತಗಳನ್ನು ಮೊದಲು `?.` ಚಿಹ್ನೆಗೆ ಅನ್ವಯಿಸಿ. `ಅ?.ಬ.ಕ()` ಸಾಲಿನಲ್ಲಿ ಅ ಇಲ್ಲದಿದ್ದರೆ ಇಡೀ ಸರಪಳಿ ನಿಲ್ಲಬೇಕು, ಕ() ಕರೆಯುವಾಗ ಅದರ ದಿಸ್ ಕೂಡ ಕೈತಪ್ಪಬಾರದು. ಎರಡನ್ನೂ ಕೋಡಿನಲ್ಲಿ ಹುಡುಕಿ. ನಂತರ ಡಿಸ್ಟ್ರಕ್ಚರಿಂಗ್, ಬಳಿಕ ಕ್ಲಾಸ್‌ಗಳು. ಜನರೇಟರ್ ಫಂಕ್ಷನ್‌ಗಳು ಕೊನೆಗಿರಲಿ. ಅಲ್ಲಿ ನೋಡ್ ಬದಲಿಸಿದರೆ ಕೆಲಸ ಮುಗಿಯುವುದಿಲ್ಲ, ಫಂಕ್ಷನ್‌ನ ಇಡೀ ಒಡಲನ್ನು ಬಿಚ್ಚಿ, ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯಬಲ್ಲ ಸ್ವಿಚ್ ಹೇಳಿಕೆಯಾಗಿ ಮರುಜೋಡಿಸಬೇಕಾಗುತ್ತದೆ. ಟೈಪ್‌ಸ್ಕ್ರಿಪ್ಟ್‌ನ ಜನರೇಟರ್ಸ್ ಫೈಲಿನ ತಲೆಯಲ್ಲೇ ಈ ಜೋಡಣೆಯ ಉದ್ದನೆಯ ವಿವರಣೆ ಇದೆ. ಕೋಡಿಗೆ ಇಳಿಯುವ ಮುನ್ನ ಅದನ್ನು ಓದಿ, ಒಂದೇ ಈಲ್ಡ್ ಇರುವ ಸಣ್ಣ ಫಂಕ್ಷನ್‌ಗೆ ಔಟ್‌ಪುಟ್ ಏನಾಗಬಹುದೆಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.